ಅಡವಿನ ಮನೆ, ಆಪತ್ತಿನ ನೆಂಟರು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಹೇಳಿದ ಹಿರಿಯರು ಕಟ್ಟುವ ಕಷ್ಟವನ್ನಷ್ಟೇ ಕಂಡಿದ್ದರೆಂದು ತೋರುತ್ತದೆ. ಕಟ್ಟಿದ ಮನೆಯನ್ನು ಉಳಿಸಿಕೊಳ್ಳುವ ಕಷ್ಟ ಅದಕ್ಕಿಂತ ದೊಡ್ಡದೆಂಬುದು, ಸಾಲ ಮಾಡಿ ಮನೆ ಕಟ್ಟುವುದು ಮಧ್ಯಮ ವರ್ಗದ ವಾಡಿಕೆಯಾದ ಮೇಲೆ ತಿಳಿದುಬಂದ ಸಂಗತಿ. ಸಂಬಳ ಬರುತ್ತಿರುವವರೆಗೆ ಮನೆ ನಮ್ಮದು. ಸಂಬಳ ನಿಂತ ಮೂರನೆಯ ತಿಂಗಳಿಗೆ ಅದು ಯಾರದೆಂಬ ಪ್ರಶ್ನೆ ಏಳುತ್ತದೆ. ಆಗ ಬಾಗಿಲಿಗೆ ಇಬ್ಬರು ಬರುತ್ತಾರೆ. ಒಬ್ಬ ನೋಟೀಸು ತರುವವನು. ಇನ್ನೊಬ್ಬ ‘ಹೆದರಬೇಡಿ, ನಾನಿದ್ದೇನೆ’ ಎನ್ನುವವನು. ಮೊದಲನೆಯವನಿಂದ ಮನೆ ಕಳೆದುಕೊಂಡವರ ಕಥೆ ಲೋಕಕ್ಕೆ ಗೊತ್ತು. ಎರಡನೆಯವನಿಂದ ಕಳೆದುಕೊಂಡವರು, ನಾಚಿಕೆಯಿಂದಲೋ ಏನೋ, ಅದನ್ನು ಯಾರಲ್ಲಿಯೂ ಹೇಳಿಕೊಳ್ಳುವುದಿಲ್ಲ.

ಈ ಎರಡನೆಯವನು ನಿಜವಾದ ನೆಂಟನೋ, ನೆಂಟನ ವೇಷದಲ್ಲಿ ಬಂದವನೋ ಎಂದು ಗುರುತಿಸುವುದು ಹೇಗೆ? ಇದಕ್ಕೆ ನೀತಿಶಾಸ್ತ್ರಕ್ಕಿಂತ ಚರಿತ್ರೆಯೇ ಒಳ್ಳೆಯ ಉತ್ತರ ಕೊಡುತ್ತದೆ. ಅದರಲ್ಲಿಯೂ ಅಮೆರಿಕದ ಚರಿತ್ರೆ. ಆ ದೇಶದಲ್ಲಿ ಮನೆಗಳು ಹಿಂಡುಹಿಂಡಾಗಿ ಹರಾಜಿಗೆ ಬಂದದ್ದು ಎರಡು ಬಾರಿ. 1930ರ ದಶಕದಲ್ಲೊಮ್ಮೆ, 2007ರ ನಂತರ ಇನ್ನೊಮ್ಮೆ. ಎರಡು ಬಾರಿಯೂ ಸರ್ಕಾರ ಸಹಾಯಕ್ಕೆ ಬಂದಿತು. ಎರಡು ಬಾರಿಯೂ ಆ ಸಹಾಯದ ಸುತ್ತ ಲಾಭ ಹೊಡೆಯುವವರ ಭಯವಿತ್ತು. ಅವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ನಿಜವಾದ ಸಹಾಯ ಸಾಲಗಾರನಿಗೆ ಕಾಲವನ್ನು ಕೊಡುತ್ತದೆ. ವೇಷದ ಸಹಾಯ ಅವನಲ್ಲಿ ಉಳಿದಿರುವ ಕಾಲವನ್ನೂ ಕದಿಯುತ್ತದೆ.

ಕಾಲಕ್ಕೆ ಇಷ್ಟು ಬೆಲೆ ಏಕೆ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಡಮಾನಕ್ಕೆ ಇಂಗ್ಲಿಷಿನಲ್ಲಿ ‘ಮಾರ್ಟ್‌ಗೇಜ್’ ಎನ್ನುತ್ತಾರಷ್ಟೆ. ಹಳೆಯ ಫ್ರೆಂಚಿನಿಂದ ಬಂದ ಈ ಶಬ್ದಕ್ಕೆ ‘ಸತ್ತ ಒತ್ತೆ’ ಎಂದು ಅರ್ಥ. ಇಂಗ್ಲೆಂಡಿನ ಹಳೆಯ ಕಾನೂನು ಹೆಸರಿಗೆ ತಕ್ಕಂತೆಯೇ ಇತ್ತು. ಗೊತ್ತುಮಾಡಿದ ದಿನ ಹಣ ಕಟ್ಟದಿದ್ದರೆ ಆಸ್ತಿ ಸಾಲ ಕೊಟ್ಟವನದು. ಮರುದಿನ ಹಣದ ಗಂಟನ್ನು ಹೊತ್ತುಕೊಂಡು ಹೋದರೂ ಪ್ರಯೋಜನವಿಲ್ಲ. ಸಾವಿರ ಪೌಂಡಿನ ಜಮೀನು ನೂರು ಪೌಂಡಿನ ಸಾಲಕ್ಕೆ ಹೋದರೂ ಕಾನೂನು ಕಣ್ಣೆತ್ತಿ ನೋಡುತ್ತಿರಲಿಲ್ಲ.

17ನೆಯ ಶತಮಾನದಲ್ಲಿ ಅಲ್ಲಿನ ಚಾನ್ಸರಿ ನ್ಯಾಯಾಲಯ ಈ ಕಟುತನವನ್ನು ಮುರಿಯಿತು. ಅಡವು ಸಾಲಕ್ಕೆ ಭದ್ರತೆಯೇ ಹೊರತು ಮಾರಾಟವಲ್ಲ. ವಾಯಿದೆ ಮೀರಿದರೂ ಅಸಲು ಬಡ್ಡಿ ಕಟ್ಟಿ ಆಸ್ತಿಯನ್ನು ಬಿಡಿಸಿಕೊಳ್ಳುವ ಹಕ್ಕು ಸಾಲಗಾರನಿಗೆ ಉಂಟು ಎಂದಿತು. ಹಾಗಾದರೆ ಸಾಲ ಕೊಟ್ಟವನು ಎಷ್ಟು ಕಾಲ ಕಾಯಬೇಕು? ಅವನಿಗೂ ನ್ಯಾಯ ಬೇಡವೆ? ಅದಕ್ಕಾಗಿ ನ್ಯಾಯಾಲಯವೇ ಒಂದು ಗಡುವು ಕೊಟ್ಟು, ಅದು ಮುಗಿದ ಮೇಲೆ ಬಿಡಿಸಿಕೊಳ್ಳುವ ಬಾಗಿಲನ್ನು ಮುಚ್ಚುವ ಕ್ರಮ ಬಂದಿತು. ಇದೇ ‘ಫೋರ್‌ಕ್ಲೋಷರ್’. 1762ರಲ್ಲಿ ಒಂದು ಮೊಕದ್ದಮೆಯಲ್ಲಿ ಲಾರ್ಡ್ ಹೆನ್ಲಿ ಇನ್ನೊಂದು ಸೂಕ್ಷ್ಮವನ್ನು ಎತ್ತಿ ಹೇಳಿದ. ಕಡುಕಷ್ಟದಲ್ಲಿರುವವನು ನಿಜಕ್ಕೂ ಸ್ವತಂತ್ರನಲ್ಲ, ಆ ಹೊತ್ತಿನ ಗಂಡಾಂತರ ದಾಟಿದರೆ ಸಾಕೆಂದು ಕಪಟಿಗಳು ಹೇಳಿದ ಷರತ್ತಿಗೆಲ್ಲ ತಲೆಬಾಗುತ್ತಾನೆ ಎಂಬುದು ಅವನ ಮಾತಿನ ತಾತ್ಪರ್ಯ. ಮನೆ ಉಳಿಸುವ ಕಾನೂನುಗಳೆಲ್ಲವೂ ಈ ಎರಡು ತಿಳಿವುಗಳ ಮೇಲೆ ನಿಂತಿವೆ. ಸಾಲಗಾರನಿಗೆ ಕಾಲ ಬೇಕು. ಆ ಕಾಲದಲ್ಲಿ ಅವನನ್ನು ಕಪಟಿಗಳಿಂದ ಕಾಯಬೇಕು.

ಈಗ ಅಮೆರಿಕಕ್ಕೆ ಬರೋಣ. 1920ರ ದಶಕದಲ್ಲಿ ಅಲ್ಲಿ ಮನೆಸಾಲ ಈಗಿನಂತೆ ಇರಲಿಲ್ಲ. ಮೂರೋ ಐದೋ ವರ್ಷದ ಅವಧಿ; ಅಷ್ಟು ಕಾಲವೂ ಕಟ್ಟುತ್ತಿದ್ದದ್ದು ಸಾಮಾನ್ಯವಾಗಿ ಬಡ್ಡಿ ಮಾತ್ರ. ಅವಧಿ ಮುಗಿದಾಗ ಅಸಲು ಪೂರ್ತಿ ತೀರಿಸಬೇಕು, ಇಲ್ಲವೆ ಹೊಸ ಪತ್ರ ಬರೆದು ಮುಂದುವರಿಸಬೇಕು. ಕಾಲ ಚೆನ್ನಾಗಿದ್ದಾಗ ಹೊಸ ಪತ್ರಕ್ಕೆ ತೊಂದರೆಯಿರಲಿಲ್ಲ. 1929ರ ನಂತರದ ಮಹಾ ಮುಗ್ಗಟ್ಟಿನಲ್ಲಿ ಬ್ಯಾಂಕುಗಳೇ ಮುಳುಗತೊಡಗಿದಾಗ ಹೊಸ ಪತ್ರ ಬರೆಯುವವರೇ ಇಲ್ಲವಾದರು. ಮನೆಯ ಬೆಲೆ ಇಳಿಯಿತು, ಕೆಲಸ ಹೋಯಿತು, ಅಸಲಿನ ವಾಯಿದೆ ಮಾತ್ರ ತಪ್ಪದೆ ಬಂದಿತು. 1933ರಲ್ಲಿ ದಿನವೊಂದಕ್ಕೆ ಸುಮಾರು ಸಾವಿರ ಮನೆಗಳು ಫೋರ್‌ಕ್ಲೋಷರ್‌ಗೆ ಗುರಿಯಾಗುತ್ತಿದ್ದವು. ಅವುಗಳಲ್ಲಿ ವಾಸವಾಗಿದ್ದವರು ಸೋಮಾರಿಗಳಲ್ಲ, ದುಂದುಗಾರರಲ್ಲ. ಗುಮಾಸ್ತರು, ಉಪಾಧ್ಯಾಯರು, ಕಾರ್ಖಾನೆಯ ಕೆಲಸಗಾರರು.

ಹಳ್ಳಿಗಳಲ್ಲಿ ಜನರ ಸಹನೆ ಕಟ್ಟೊಡೆಯಿತು. ಮಧ್ಯಪಶ್ಚಿಮದ ಸಂಸ್ಥಾನಗಳಲ್ಲಿ ರೈತನೊಬ್ಬನ ಆಸ್ತಿ ಹರಾಜಿಗೆ ಬಂದರೆ ನೆರೆಹೊರೆಯವರು ಗುಂಪಾಗಿ ಬಂದು ನಿಲ್ಲುತ್ತಿದ್ದರು. ಹಸುವಿಗೆ ಕೆಲವು ಸೆಂಟು, ನೇಗಿಲಿಗೆ ಕೆಲವು ಸೆಂಟು ಎಂದು ತಾವೇ ಸವಾಲು ಕೂಗಿ ಕೊಂಡು, ಎಲ್ಲವನ್ನೂ ಮೊದಲಿನ ಒಡೆಯನಿಗೇ ಒಪ್ಪಿಸಿಬಿಡುತ್ತಿದ್ದರು. ಹೆಚ್ಚಿನ ಬೆಲೆ ಕೂಗಲು ಬಂದ ಹೊರಗಿನವನಿಗೆ ಗುಂಪಿನ ಮುಖ ನೋಡಿದರೆ ಬಾಯಿ ಕಟ್ಟುತ್ತಿತ್ತು. ಇವಕ್ಕೆ ‘ಪೆನ್ನಿ ಹರಾಜು’ ಎಂದು ಹೆಸರಾಯಿತು. ಆದರೆ ಗುಂಪಿನ ನ್ಯಾಯ ಎಲ್ಲಿಗೆ ಮುಟ್ಟುತ್ತದೆಂಬುದೂ ಬೇಗನೆ ತಿಳಿಯಿತು. 1933ರ ಏಪ್ರಿಲಿನಲ್ಲಿ ಅಯೋವಾ ಸಂಸ್ಥಾನದ ಲ ಮಾರ್ಸ್ ಊರಿನಲ್ಲಿ ಫೋರ್‌ಕ್ಲೋಷರ್ ನಿಲ್ಲಿಸುವುದಾಗಿ ಮಾತು ಕೊಡಲು ಒಪ್ಪದ ನ್ಯಾಯಾಧೀಶ ಚಾರ್ಲ್ಸ್ ಬ್ರ್ಯಾಡ್ಲಿಯನ್ನು ರೈತರು ಪೀಠದಿಂದ ಎಳೆದೊಯ್ದು ಕೊರಳಿಗೆ ಹಗ್ಗ ಹಾಕಿದರು. ಪ್ರಾಣ ಉಳಿಯಿತು. ಗವರ್ನರು ಸೇನಾ ಕಾನೂನು ಜಾರಿ ಮಾಡಬೇಕಾಯಿತು.

ಇದೇ ಕೆಲಸವನ್ನು ಹಗ್ಗವಿಲ್ಲದೆ ಮಾಡಲು ಹೊರಟದ್ದು ನೆರೆಯ ಮಿನೆಸೋಟ ಸಂಸ್ಥಾನ. ಅಲ್ಲಿನ ಗವರ್ನರ್ ಫ್ಲಾಯ್ಡ್ ಓಲ್ಸನ್ 1933ರ ಫೆಬ್ರವರಿಯಲ್ಲಿ ಫೋರ್‌ಕ್ಲೋಷರ್ ಹರಾಜುಗಳನ್ನು ತಡೆಹಿಡಿದ. ಏಪ್ರಿಲಿನಲ್ಲಿ ಶಾಸನಸಭೆ ಕಾನೂನನ್ನೇ ಮಾಡಿತು. ಮನೆಯನ್ನು ಬಿಡಿಸಿಕೊಳ್ಳಲು ಇರುವ ಅವಧಿಯನ್ನು ಜಿಲ್ಲಾ ನ್ಯಾಯಾಲಯ 1935ರ ಮೇ 1ರವರೆಗೆ ವಿಸ್ತರಿಸಬಹುದು. ಅಲ್ಲಿಯವರೆಗೆ ಒಡೆಯನು ನ್ಯಾಯಾಲಯ ಗೊತ್ತುಮಾಡಿದ ಹಣವನ್ನು ಕಟ್ಟುತ್ತಿರಬೇಕು ಎಂಬುದು ಅದರ ಸಾರ. ಸಾಲ ಮನ್ನಾ ಆಗಲಿಲ್ಲ, ಬಡ್ಡಿ ಹೋಗಲಿಲ್ಲ. ಕೊಟ್ಟದ್ದು ಕಾಲ ಮಾತ್ರ.

ಇದು ಬ್ಲೇಸ್‌ಡೆಲ್ ಪ್ರಕರಣವೆಂಬ ಹೆಸರಿನಿಂದ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮಿನಿಯಾಪೊಲಿಸ್ ನಗರದ ದಂಪತಿಗಳದೊಂದು 14 ಕೋಣೆಗಳ ಮನೆ. ಮೂರು ಕೋಣೆಗಳಲ್ಲಿ ತಾವಿದ್ದು ಉಳಿದವನ್ನು ಬಾಡಿಗೆಗೆ ಕೊಡುತ್ತಿದ್ದರು. 1932ರ ಮೇ ತಿಂಗಳಲ್ಲಿ ಅದು ಸುಮಾರು 3,700 ಡಾಲರಿಗೆ ಹರಾಜಾಗಿ ಸಾಲ ಕೊಟ್ಟ ಸಂಘದ ಪಾಲಾಯಿತು. ಬಿಡಿಸಿಕೊಳ್ಳಲು ಒಂದು ವರ್ಷದ ಅವಕಾಶ. ಅದು ಮುಗಿಯುವ ಹೊತ್ತಿಗೆ ಹೊಸ ಕಾನೂನು ಬಂದಿತು. ತಿಂಗಳಿಗೆ 40 ಡಾಲರ್ ಕಟ್ಟುವ ಷರತ್ತಿನ ಮೇಲೆ ಅವಧಿ ಮುಂದಕ್ಕೆ ಹೋಯಿತು. ಮಾಡಿಕೊಂಡ ಕರಾರನ್ನು ಯಾವ ಸಂಸ್ಥಾನವೂ ಕೆಡಿಸಕೂಡದೆಂದು ಸಂವಿಧಾನವೇ ಹೇಳಿರುವಾಗ ಇದು ಸಾಧುವೆ ಎಂದು ಸಾಲ ಕೊಟ್ಟ ಸಂಘ ಕೇಳಿತು. 1934ರ ಜನವರಿ 8ರಂದು ಐದು ಮಂದಿ ನ್ಯಾಯಾಧೀಶರು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ ತೀರ್ಪು ಹೊರಟಿತು. ಆಪತ್ಕಾಲ ಹೊಸ ಅಧಿಕಾರವನ್ನು ಹುಟ್ಟಿಸುವುದಿಲ್ಲ, ಇರುವ ಅಧಿಕಾರವನ್ನು ಬಳಸಲು ಸಂದರ್ಭ ಒದಗಿಸುತ್ತದೆ. ಅವಧಿಯನ್ನು ಮಿತಿಯಲ್ಲಿ, ನ್ಯಾಯವಾದ ಷರತ್ತಿನ ಮೇಲೆ ಮುಂದೂಡುವುದು ಕರಾರನ್ನು ಕೆಡಿಸಿದಂತಲ್ಲ ಎಂದು ಮುಖ್ಯ ನ್ಯಾಯಾಧೀಶ ಹ್ಯೂಸ್ ಬರೆದ. ಕಷ್ಟಕಾಲದಲ್ಲಿ ಸಾಲಗಾರರ ಪರವಾಗಿ ಇಂಥ ಕಾನೂನು ಮಾಡಬಾರದೆಂದೇ ಸಂವಿಧಾನದ ಆ ಮಾತು ಹುಟ್ಟಿದ್ದು ಎಂಬ ಸದರ್‌ಲೆಂಡನ ವಿರೋಧವೂ ಹಗುರವಾದುದಲ್ಲ. ಆ ಚರ್ಚೆ ಇಂದಿಗೂ ಮುಗಿದಿಲ್ಲ. ದಂಪತಿಗಳಿಗೆ ಮಾತ್ರ ಕಾಲ ಸಿಕ್ಕಿತು.

ಒಂದು ಸಂಸ್ಥಾನ ಕಾಲ ಕೊಟ್ಟರೆ ಇಡೀ ದೇಶದ ಪಾಡೇನು? 1933ರ ಜೂನ್ 13ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಕಾಯಿದೆಯಿಂದ ‘ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್’ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿತು. ಮನೆಯೊಡೆಯರ ಸಾಲ ನಿಗಮ ಎನ್ನೋಣ. ಅದರ ಉಪಾಯ ಸರಳವಾಗಿತ್ತು. ನಿಗಮವು ಸಾಲ ಕೊಟ್ಟವನಿಗೆ ತನ್ನ ಬಾಂಡುಗಳನ್ನು ಕೊಟ್ಟು ಹಳೆಯ ಅಡಮಾನವನ್ನು ತಾನೇ ವಹಿಸಿಕೊಳ್ಳುತ್ತಿತ್ತು. ಮನೆಯವನು ಇನ್ನು ಮುಂದೆ ನಿಗಮಕ್ಕೆ ಸಾಲಗಾರ. ಬಡ್ಡಿ ಶೇಕಡ 5. ಅವಧಿ 15 ವರ್ಷ. ಪ್ರತಿ ತಿಂಗಳ ಕಂತಿನಲ್ಲಿಯೂ ಬಡ್ಡಿಯ ಜೊತೆಗೆ ಅಸಲಿನ ಒಂದು ಚೂರು. ವಸೂಲಾಗದೆ ಕೊಳೆಯುತ್ತಿದ್ದ ಸಾಲಕ್ಕೆ ಸರ್ಕಾರದ ಕಾಗದ ಸಿಕ್ಕಿತೆಂದು ಬ್ಯಾಂಕುಗಳಿಗೂ ನೆಮ್ಮದಿ. 1936ರೊಳಗೆ ಸುಮಾರು ಹತ್ತು ಲಕ್ಷ ಮನೆಗಳಿಗೆ ಹೀಗೆ ಸಾಲ ದೊರೆಯಿತು. ಒಟ್ಟು ಮೊತ್ತ 300 ಕೋಟಿ ಡಾಲರಿಗೂ ಹೆಚ್ಚು. ತಿಂಗಳು ತಿಂಗಳು ಅಸಲು ಕರಗುವ ದೀರ್ಘಾವಧಿಯ ಸಾಲ ಆ ದೇಶದಲ್ಲಿ ಮನೆಮಾತಾದದ್ದು ಈ ದಶಕದಿಂದಲೇ. ಇಂದು ನಮ್ಮವರು ಕಟ್ಟುವ ಮಾಸಿಕ ಕಂತೂ ಅದೇ ಮಾದರಿಯದು.

ಆ ಕಾಯಿದೆಯಲ್ಲಿ ಅಷ್ಟಾಗಿ ಯಾರೂ ಗಮನಿಸದ ಒಂದು ಉಪವಾಕ್ಯವಿದೆ. ನಿಗಮದ ಸಾಲ ಕೊಡಿಸುವ ಸಂಬಂಧದಲ್ಲಿ, ಹಕ್ಕುಪತ್ರದ ಪರಿಶೀಲನೆ, ಮನೆಯ ಬೆಲೆಕಟ್ಟುವಿಕೆ ಮುಂತಾದ ನಿಜವಾದ ಕೆಲಸಕ್ಕೆ ನಿಗಮವೇ ಒಪ್ಪಿದ ಖರ್ಚಿನ ಹೊರತು, ಯಾರೂ ಯಾವ ಶುಲ್ಕವನ್ನೂ ತೆಗೆದುಕೊಳ್ಳಕೂಡದು. ತೆಗೆದುಕೊಂಡರೆ ಅದು ಶಿಕ್ಷಾರ್ಹ ಅಪರಾಧ. ಕಚೇರಿಯ ಮುಂದೆ ಸಾಲು ನಿಂತವರ ಬಳಿಗೆ ದಲ್ಲಾಳಿ ಬಂದೇ ಬರುತ್ತಾನೆಂದು ಕಾನೂನು ಬರೆದವರು ಮೊದಲೇ ಊಹಿಸಿದ್ದರು. ಅನ್ನಛತ್ರ ತೆರೆದವನು ಬಾಗಿಲಲ್ಲಿ ಎಲೆಗೆ ಕಾಸು ಕೇಳುವವನನ್ನೂ ತಡೆಯಬೇಕೆಂಬ ವಿವೇಕ ಇದು.

ನಿಗಮವನ್ನು ಹೊಗಳುತ್ತಲೇ ಅದರ ಕಪ್ಪು ಮುಖವನ್ನೂ ಹೇಳಬೇಕು. ಸಾಲ ಪಡೆದವರಲ್ಲಿ ಹೆಚ್ಚುಕಡಿಮೆ ಐವರಲ್ಲೊಬ್ಬರು ಕಡೆಗೂ ಮನೆ ಕಳೆದುಕೊಂಡರು. ಬಹಳ ಕಾಲ ಕಾದ ಮೇಲೆ ನಿಗಮವೇ ಅವರ ಮನೆಗಳನ್ನು ತೆಗೆದುಕೊಳ್ಳಬೇಕಾಯಿತು. ಇದಕ್ಕಿಂತ ನೋವಿನದು ನಕ್ಷೆಗಳ ಕಥೆ. 1935ರಿಂದ ನಿಗಮ ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ಬರೆಸಿ, ಯಾವ ಬಡಾವಣೆಗೆ ಸಾಲ ಕೊಡುವುದು ಎಷ್ಟು ಅಪಾಯವೆಂದು ಬಣ್ಣ ಹಾಕಿಸಿತು. ಕರಿಯರು ವಾಸಿಸುವ ಬಡಾವಣೆಗಳಿಗೆ ಬಹುತೇಕ ಕೆಂಪು ಬಣ್ಣ. ಇದೇ ಕಾಲದ ಸರ್ಕಾರಿ ಸಾಲವಿಮೆಯ ಇಲಾಖೆಯೂ ಅಂಥ ಬಡಾವಣೆಗಳನ್ನು ದೂರವಿಟ್ಟಿತು. ಒಳ್ಳೆಯ ಸಾಲ ಸಿಗದವನು ಕೆಟ್ಟ ಸಾಲಗಾರರ ಕೈಗೆ ಬೀಳುವುದು ಸಹಜವಷ್ಟೆ. ಎರಡನೆಯ ದುರಂತದಲ್ಲಿ ಹೆಚ್ಚು ಸುಟ್ಟುಹೋದ ಬೀದಿಗಳಲ್ಲಿ ಇಂಥವೂ ಇದ್ದವು. ನಿಗಮ ಮಾತ್ರ 1951ರಲ್ಲಿ ಲೆಕ್ಕ ಮುಗಿಸಿ, ಸ್ವಲ್ಪ ಲಾಭವನ್ನೇ ತೋರಿಸಿ ಬಾಗಿಲು ಹಾಕಿತು.

ಎರಡನೆಯ ದುರಂತ ಆರಂಭವಾದದ್ದು 2007ರ ಸುಮಾರಿಗೆ. ತೀರಿಸುವ ಶಕ್ತಿಯಿಲ್ಲದವರಿಗೂ, ಮೊದಲೆರಡು ವರ್ಷ ಕಡಿಮೆ ಬಡ್ಡಿ, ಆಮೇಲೆ ಏರುವ ಬಡ್ಡಿ ಎಂಬ ಕರಾರಿನಲ್ಲಿ ಸಾಲ ಹಂಚಿದ್ದ ಫಲ ಅದು. 2010ರ ಒಂದೇ ವರ್ಷದಲ್ಲಿ 28 ಲಕ್ಷಕ್ಕೂ ಹೆಚ್ಚು ಮನೆಗಳ ಮೇಲೆ ಫೋರ್‌ಕ್ಲೋಷರ್ ನೋಟೀಸುಗಳು ಹೊರಟವು. 2009ರ ಫೆಬ್ರವರಿಯಲ್ಲಿ ಒಬಾಮಾ ಸರ್ಕಾರ ಒಂದು ಯೋಜನೆಯನ್ನು ಸಾರಿತು. ಮನೆಯವನ ತಿಂಗಳ ವರಮಾನದಲ್ಲಿ ಶೇಕಡ 31ಕ್ಕಿಂತ ಕಂತು ಹೆಚ್ಚಾಗದಂತೆ ಸಾಲದ ಷರತ್ತನ್ನು ಬದಲಾಯಿಸಬೇಕೆಂಬುದು ಅದರ ತಿರುಳು. ಮೂವತ್ತು ನಲವತ್ತು ಲಕ್ಷ ಕುಟುಂಬಗಳಿಗೆ ನೆರವಾಗುವ ಗುರಿ ಇತ್ತು. 2016ರ ಕೊನೆಗೆ ಯೋಜನೆ ಮುಚ್ಚಿದಾಗ ಶಾಶ್ವತ ಬದಲಾವಣೆ ಪಡೆದವರು ಅದರ ಅರ್ಧದಷ್ಟು. ಏಕೆಂದರೆ ಈ ಬಾರಿ ಸರ್ಕಾರ ಸಾಲವನ್ನು ತಾನು ಕೊಳ್ಳಲಿಲ್ಲ. ಸಾಲ ವಸೂಲಿ ಮಾಡುವ ಕಂಪನಿಗಳ ಕೈಯಲ್ಲೇ ಕೆಲಸ ಬಿಟ್ಟಿತು. ಕಾಗದಗಳು ಕಳೆದುಹೋದವು, ಮತ್ತೆ ಕಳಿಸಿ ಎಂದರು, ಮತ್ತೆ ಕಳೆದುಹೋದವು. ಅರ್ಜಿಯ ವಿಚಾರಣೆ ಒಂದು ಕಡೆ, ಹರಾಜಿನ ಸಿದ್ಧತೆ ಇನ್ನೊಂದು ಕಡೆ ನಡೆಯುತ್ತಿತ್ತು.

ಈ ಗೊಂದಲವೇ ವೇಷದ ನೆಂಟರಿಗೆ ಹಬ್ಬವಾಯಿತು. ಫೋರ್‌ಕ್ಲೋಷರ್ ನೋಟೀಸುಗಳು ಸಾರ್ವಜನಿಕ ದಾಖಲೆಗಳು. ಯಾರ ಮನೆಗೆ ಆಪತ್ತು ಬಂದಿದೆಯೆಂಬ ಪಟ್ಟಿ ಅವರಿಗೆ ಸುಲಭವಾಗಿ ಸಿಗುತ್ತಿತ್ತು. ಸರ್ಕಾರದ ಯೋಜನೆಯನ್ನೇ ಹೋಲುವ ಹೆಸರು, ಮುದ್ರೆಯನ್ನೇ ಹೋಲುವ ಚಿಹ್ನೆ, ಹಣ ವಾಪಸು ಎಂಬ ಭರವಸೆ. ‘ಮುಂಗಡವಾಗಿ ನಮ್ಮ ಶುಲ್ಕ ಕೊಡಿ, ಬ್ಯಾಂಕಿನವರೊಡನೆ ನೀವು ಮಾತಾಡಬೇಡಿ, ನಾವು ನೋಡಿಕೊಳ್ಳುತ್ತೇವೆ, ಕಂತನ್ನೂ ಸದ್ಯಕ್ಕೆ ಕಟ್ಟಬೇಡಿ.’ ಈ ಮೂರು ಮಾತುಗಳಲ್ಲಿ ಮೋಸದ ಶಾಸ್ತ್ರವೆಲ್ಲ ಅಡಗಿದೆ. ಶುಲ್ಕವೆಂದು ಹೋದ ಸಾವಿರಾರು ಡಾಲರ್ ಕೆಲವು ಕಂತುಗಳಿಗೆ ಆಗುತ್ತಿದ್ದ ಹಣ. ಮಾತಾಡದೆ ಕಳೆದ ತಿಂಗಳುಗಳು ಮನೆ ಉಳಿಸಿಕೊಳ್ಳಲು ಇದ್ದ ತಿಂಗಳುಗಳು. ಹರಾಜಿನ ಹಿಂದಿನ ದಿನ ಫೋನು ಮಾಡಿದರೆ ಅತ್ತ ಕಡೆ ಎತ್ತುವವರೇ ಇಲ್ಲ.

ಇನ್ನೊಂದು ಬಗೆ ಇದಕ್ಕಿಂತ ಕ್ರೂರ. ‘ಮನೆಯನ್ನು ತಾತ್ಕಾಲಿಕವಾಗಿ ನಮ್ಮ ಹೆಸರಿಗೆ ಬರೆದುಕೊಡಿ; ಸಾಲ ನಾವು ತೀರಿಸುತ್ತೇವೆ; ನೀವು ಬಾಡಿಗೆ ಕೊಟ್ಟುಕೊಂಡು ಅಲ್ಲೇ ಇರಿ; ಒಂದೆರಡು ವರ್ಷದಲ್ಲಿ ಮತ್ತೆ ನಿಮಗೇ ಮಾರುತ್ತೇವೆ.’ ಬಾಡಿಗೆ ಕಂತಿಗಿಂತ ಹೆಚ್ಚು. ಮರಳಿ ಕೊಳ್ಳುವ ಬೆಲೆ ಎಟುಕದಷ್ಟು. ಒಂದು ತಿಂಗಳು ತಪ್ಪಿದರೆ, ನಿನ್ನೆಯ ಒಡೆಯ ಇಂದು ಬಾಕಿದಾರ ಬಾಡಿಗೆದಾರನಾಗಿ ಬೀದಿಗೆ. ಕ್ಯಾಲಿಫೋರ್ನಿಯ 1979ರಲ್ಲಿಯೇ ಈ ವ್ಯವಹಾರಗಳಿಗೆ ಕಟ್ಟುಪಾಡು ಹಾಕಿ, ಸಹಿ ಮಾಡಿದವನಿಗೆ ಕೆಲವು ದಿನಗಳೊಳಗೆ ಒಪ್ಪಂದ ಮುರಿಯುವ ಹಕ್ಕು ಕೊಟ್ಟಿತ್ತು. 1933ರಲ್ಲಿ ಕಾಲ ಕೊಟ್ಟಿದ್ದ ಮಿನೆಸೋಟವೂ 2004ರಲ್ಲಿ, ಮರಳಿ ಕೊಳ್ಳುವ ಶಕ್ತಿ ಒಡೆಯನಿಗೆ ನಿಜವಾಗಿ ಇದೆಯೇ ಎಂದು ಕೊಳ್ಳುವವನೇ ಪರೀಕ್ಷಿಸಬೇಕೆಂದು ಕಾನೂನು ಮಾಡಿತು. ಇಡೀ ದೇಶಕ್ಕೆ ಅನ್ವಯಿಸುವ ನಿಯಮವನ್ನು ಫೆಡರಲ್ ಟ್ರೇಡ್ ಕಮಿಷನ್ 2010ರಲ್ಲಿ ಹೊರಡಿಸಿತು. ಸಾಲ ಕೊಟ್ಟವನಿಂದ ಬರವಣಿಗೆಯಲ್ಲಿ ಪರಿಹಾರ ಬಂದು, ಮನೆಯವನು ಅದನ್ನು ಒಪ್ಪುವವರೆಗೆ ಒಂದು ಕಾಸನ್ನೂ ಪಡೆಯಕೂಡದು. ಸಾಲ ಕೊಟ್ಟವನೊಡನೆ ಮಾತಾಡಬೇಡಿರೆಂದು ಹೇಳಕೂಡದು. ಮುಂಗಡ ಶುಲ್ಕದ ನಿಷೇಧ 2011ರ ಜನವರಿ 31ರಿಂದ ಜಾರಿಗೆ ಬಂದಿತು. 1933ರ ಉಪವಾಕ್ಯಕ್ಕೆ ಎಪ್ಪತ್ತೇಳು ವರ್ಷದ ನಂತರ ಸಿಕ್ಕಿದ ವಿವರಣೆ ಇದು ಎನ್ನಬಹುದು. ಇಷ್ಟಕ್ಕೂ ಸರ್ಕಾರ ಮಾನ್ಯ ಮಾಡಿದ ಸಲಹೆಗಾರರು ಫೋರ್‌ಕ್ಲೋಷರ್ ತಪ್ಪಿಸುವ ದಾರಿಯನ್ನು ಪುಕ್ಕಟೆಯಾಗಿ ತಿಳಿಸಲು ಅಲ್ಲಿ ಇದ್ದೇ ಇದ್ದರು. ಪುಕ್ಕಟೆ ಸಿಗುವುದನ್ನು ಹಣಕ್ಕೆ ಮಾರುವುದೇ ಈ ವ್ಯಾಪಾರದ ಗುಟ್ಟು.

ಬರೆದುಕೊಟ್ಟು ಬಾಡಿಗೆಗಿರುವ ಈ ಉಪಾಯ ಅಮೆರಿಕದವರ ಸೃಷ್ಟಿಯೆಂದು ನಾವು ತಿಳಿಯಬೇಕಾಗಿಲ್ಲ. ನಮ್ಮಲ್ಲಿ ಇದಕ್ಕೆ ಷರತ್ತಿನ ಕ್ರಯವೆಂದು ಹೆಸರು. 1875ರಲ್ಲಿ ಪುಣೆಯ ಬಳಿಯ ಸುಪೆಯಲ್ಲಿ ರೈತರು ಸಾಹುಕಾರರ ಪತ್ರಗಳನ್ನು ಸುಟ್ಟ ಗಲಭೆಯ ನಂತರ, 1879ರ ದಖ್ಖನಿನ ರೈತ ಪರಿಹಾರ ಕಾಯಿದೆ ಪತ್ರದ ಹಿಂದಿರುವ ನಿಜವಾದ ವ್ಯವಹಾರವನ್ನು ಕೆದಕಿ ನೋಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತು. ಮೈಸೂರು ಸಂಸ್ಥಾನದಲ್ಲಿಯೂ 1928ರಲ್ಲಿ ರೈತ ಪರಿಹಾರ ಕಾಯಿದೆ ಬಂದಿತು. ಚಾನ್ಸರಿ ನ್ಯಾಯಾಲಯದ ಬಿಡಿಸಿಕೊಳ್ಳುವ ಹಕ್ಕು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 60ನೆಯ ಕಲಮಿನ ಮೂಲಕ ನಮ್ಮದೂ ಆಯಿತು. ಆದರೆ 1929ರ ತಿದ್ದುಪಡಿಯನ್ನು ಮರೆಯಬಾರದು. ಮರಳಿ ಕೊಡುವ ಷರತ್ತು ಕ್ರಯಪತ್ರದಲ್ಲಿಯೇ ಬರೆದಿರದಿದ್ದರೆ ಅದನ್ನು ಅಡಮಾನವೆಂದು ಎಣಿಸುವಂತಿಲ್ಲ. ‘ಬಾಯಿಮಾತು ಸಾಕು, ನಮ್ಮಲ್ಲಿ ನಂಬಿಕೆಯಿಲ್ಲವೆ?’ ಎನ್ನುವವನಿಗೆ ಕಾನೂನು ಕೊಟ್ಟಿರುವ ಉತ್ತರ ಅದು.

ನಮ್ಮ ನಗರಗಳ ಮನೆಸಾಲಕ್ಕೆ ಈಗ ಹೆಚ್ಚಾಗಿ ಅನ್ವಯಿಸುವುದು 2002ರ ಸರ್ಫೇಸಿ ಕಾಯಿದೆ. ಕಂತು 90 ದಿನ ಮೀರಿ ನಿಂತು ಸಾಲ ಕೆಟ್ಟ ಸಾಲವೆಂದು ಎಣಿಸಲ್ಪಟ್ಟರೆ ಬ್ಯಾಂಕು 60 ದಿನದ ನೋಟೀಸು ಕೊಡಬೇಕು. ಮನೆಯವನ ಆಕ್ಷೇಪಣೆಗೆ 15 ದಿನದಲ್ಲಿ ಉತ್ತರಿಸಬೇಕು. ಆಮೇಲಿನ ಕ್ರಮದ ಮೇಲೆ 45 ದಿನದೊಳಗೆ ಸಾಲ ವಸೂಲಿ ನ್ಯಾಯಮಂಡಲಿಗೆ ಹೋಗಬಹುದು. ಆದರೆ 2016ರ ತಿದ್ದುಪಡಿಯ ಬಳಿಕ, ಬಾಕಿ ಕಟ್ಟಿ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಡುವವರೆಗೆ ಮಾತ್ರ. ಈ ದಿನಗಳೇ ಮನೆಯವನ ಬಂಡವಾಳ. ಅವನ್ನು ಯಾರದೋ ಭರವಸೆಯ ಮೇಲೆ ಕಳೆದರೆ ತಿರುಗಿ ಬರುವುದಿಲ್ಲ.

ಕಾಲ ಕೊಡುವ ಔದಾರ್ಯವನ್ನೂ, ಅದರ ಬೆನ್ನಿಗೆ ಬರುವ ಮೋಸವನ್ನೂ ನಾವು ಕಣ್ಣಾರೆ ಕಂಡಿದ್ದೇವೆ. ಕೊರೊನಾ ಕಾಲದಲ್ಲಿ, 2020ರ ಮಾರ್ಚಿಯಿಂದ ಆಗಸ್ಟ್‌ವರೆಗೆ, ಕಂತುಗಳನ್ನು ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿತು. ಕೆಲವೇ ದಿನಗಳಲ್ಲಿ, ಕಂತು ಮುಂದೂಡಿಸಿ ಕೊಡುತ್ತೇವೆಂದು ಫೋನು ಮಾಡಿ ಗುಪ್ತ ಸಂಖ್ಯೆ ಕೇಳುವವರು ಹುಟ್ಟಿಕೊಂಡರು. ಬ್ಯಾಂಕುಗಳು ಗ್ರಾಹಕರನ್ನು ಎಚ್ಚರಿಸಬೇಕಾಯಿತು. 2023ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕು ಇನ್ನೊಂದು ಎಚ್ಚರಿಕೆ ಹೊರಡಿಸಿತು. ಶುಲ್ಕ ತೆಗೆದುಕೊಂಡು ‘ಸಾಲ ಮನ್ನಾ ಪ್ರಮಾಣಪತ್ರ’ ಕೊಡುತ್ತೇವೆ, ಬ್ಯಾಂಕಿಗೆ ಹಣ ಕಟ್ಟಬೇಕಾಗಿಲ್ಲ ಎಂದು ಜಾಹೀರಾತು ಮಾಡುವವರಿಗೆ ಯಾವ ಅಧಿಕಾರವೂ ಇಲ್ಲವೆಂಬುದು ಅದರ ಸಾರ. ಊರು ಬೇರೆ, ಭಾಷೆ ಬೇರೆ. ಮುಂಗಡ ಶುಲ್ಕ ಅದೇ, ‘ಬ್ಯಾಂಕಿಗೆ ಕಟ್ಟಬೇಡಿ’ ಎಂಬ ಬೋಧೆ ಅದೇ.

ಕಂತು ತಪ್ಪಿದ ಮನೆಯೊಡೆಯ ಬ್ಯಾಂಕಿನ ಮೆಟ್ಟಿಲು ಹತ್ತಲು ನಾಚುತ್ತಾನೆ. ಆ ನಾಚಿಕೆಯನ್ನೇ ವೇಷದ ನೆಂಟ ಬಂಡವಾಳ ಮಾಡಿಕೊಳ್ಳುತ್ತಾನೆ. ಆದರೆ ಚರಿತ್ರೆಯಲ್ಲಿ ಮನೆ ಉಳಿಸಿಕೊಂಡವರೆಲ್ಲ ಸಾಲ ಕೊಟ್ಟವನನ್ನೋ ನ್ಯಾಯಾಲಯವನ್ನೋ ಮುಖಾಮುಖಿ ನೋಡಿ, ತಮ್ಮ ಕೈಲಾದಷ್ಟನ್ನು ಒಪ್ಪಿ, ಗಡುವು ಕೇಳಿದವರು. ಮಿನಿಯಾಪೊಲಿಸಿನ ದಂಪತಿಗಳು ತಿಂಗಳಿಗೆ 40 ಡಾಲರ್ ಒಪ್ಪಿದರು; ಗುಟ್ಟಾಗಿ ಯಾರಿಗೂ ಮನೆ ಬರೆದುಕೊಡಲಿಲ್ಲ. ನೋಟೀಸು ಬಂದ ದಿನ ಅದರ ತಾರೀಖನ್ನು ಗುರುತು ಹಾಕಿಕೊಂಡು, ಮರುದಿನವೇ ಬ್ಯಾಂಕಿಗೆ ಹೋಗಿ ಬರವಣಿಗೆಯಲ್ಲಿ ಕಾಲ ಕೇಳುವುದಕ್ಕೆ ಒಂದು ಅರ್ಜಿಯ ಕಾಗದ ಸಾಕು. ಅದಕ್ಕೆ ಯಾವ ದಲ್ಲಾಳಿಯೂ ಬೇಕಾಗಿಲ್ಲ.